ಮುಗಿಲಿನಿಂದ ಮೋಜಣಿ

ಚಿತ್ರವೇ ಬೇರೆ, ನಕ್ಷೆಯೇ ಬೇರೆ. ಈ ಭೇದವನ್ನು ಅರಿಯಲು ದೊಡ್ಡ ಶಾಸ್ತ್ರವೇನೂ ಬೇಕಿಲ್ಲ. ಮನೆಯ ಆಲ್ಬಮ್ಮಿನಲ್ಲಿರುವ ಯಾವುದಾದರೊಂದು ಮದುವೆಯ ಚಿತ್ರವನ್ನು ತೆರೆದು ನೋಡಿದರೆ ಸಾಕು. ಮುಂದೆ ಜಮಖಾನದ ಮೇಲೆ ಕುಳಿತ ಮಗುವಿನ ತಲೆ ಹಿಂದೆ ನಿಂತ ಸೋದರಮಾವನ ತಲೆಗಿಂತ ದೊಡ್ಡದಾಗಿ ಕಾಣುತ್ತದೆ. ಅಂಚಿನಲ್ಲಿ ನಿಂತವರು ತಮಗಿಲ್ಲದ ಸ್ಥೂಲತೆಯನ್ನು ಅನಾಯಾಸವಾಗಿ ಪಡೆದಿರುತ್ತಾರೆ. ಆ ಚಿತ್ರದ ಮೇಲೆ ಅಡಿಪಟ್ಟಿಯನ್ನಿಟ್ಟು ಸೋದರಮಾವನ ಎತ್ತರವನ್ನು ಅಳೆಯಹೊರಡುವವರು ಯಾರೂ ಇಲ್ಲ. ನಕ್ಷೆಯಾದರೋ ಅಳೆಯುವುದಕ್ಕೆಂದೇ ಹುಟ್ಟಿದ ವಸ್ತು. ಅದರ ಮೇಲಿನ ಒಂದು ಅಂಗುಲವು ಯಾವ ಮೂಲೆಯಲ್ಲಿ ಅಳೆದರೂ ನೆಲದ ಮೇಲಿನ ಅಷ್ಟೇ ದೂರಕ್ಕೆ ಸಮನಾಗಿರಬೇಕು. ಹಾರುವ ಡ್ರೋನಿನ ಹೊಟ್ಟೆಗೆ ಕಟ್ಟಿದ ಕ್ಯಾಮೆರಾ ಕೊಡುವುದು ಮೊದಲನೆಯದನ್ನು. ಜಮೀನಿನ ಒಡೆಯನಿಗೆ ಬೇಕಾದದ್ದು ಎರಡನೆಯದು. ಇವೆರಡರ ನಡುವಿನ ಕಂದಕವನ್ನು ದಾಟಿಸುವುದು ಗಣಕಯಂತ್ರದೊಳಗಿನ ತಂತ್ರಾಂಶ. ಅದರ ಬೆಲೆ, ಅದರ ಬಲ, ಅದರ ಮಿತಿ ಇವೇ ಈ ವಾರದ ವಿಷಯ.

ಧಾರಾವಾಹಿಯ ನಾಯಿಕೆಯನ್ನು ಹೋದ ವಾರ ರೈಲು ನಿಲ್ದಾಣದಲ್ಲಿಯೇ ಬಿಟ್ಟು ಬಂದಿರುವ ಓದುಗರಿಗೆ ಮೋಜಣಿಯ ಮಾತು ರುಚಿಸೀತೆ ಎಂಬ ಶಂಕೆ ನನ್ನಲ್ಲಿ ಹುಟ್ಟದಿರಲಿಲ್ಲ. ಆದರೆ ನಿವೇಶನದ ಕನಸು ಕಾಣದ ಸಂಸಾರ ನಮ್ಮಲ್ಲಿ ಎಲ್ಲಿದೆ? ಮೂವತ್ತು ನಲವತ್ತರ ಒಂದು ನಿವೇಶನವೆಂದರೆ 1,200 ಚದರಡಿ. ನಮ್ಮ ಹಳೆಯ ಸರಪಳಿ 33 ಅಡಿಯದು; ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಹಾಗಾದರೆ ಇಡೀ ಸಂಸಾರದ ಇಪ್ಪತ್ತು ವರ್ಷದ ಉಳಿತಾಯವು ಹೋಗಿ ಬೀಳುವುದು ಗುಂಟೆಗಿಂತ ತುಸುವೇ ಹಿರಿದಾದ ಒಂದು ಚೌಕದ ಮೇಲೆ. ಇತ್ತೀಚೆಗೆ ಬಡಾವಣೆ ಮಾರುವವರು ಆ ಚೌಕವನ್ನು ಆಕಾಶದಿಂದ ತೆಗೆದ ಬಣ್ಣದ ಚಿತ್ರದ ಮೇಲೆ ಗೆರೆಯೆಳೆದು ತೋರಿಸುತ್ತಾರೆ. ಗೆರೆ ಅಂದವಾಗಿರುತ್ತದೆ. ಅಂದವಾಗಿದ್ದುದೆಲ್ಲ ಸರಿಯಾಗಿರಬೇಕೆಂಬ ನಿಯಮವಿಲ್ಲವಷ್ಟೆ.

ಚಿತ್ರದಿಂದ ಅಳತೆ ತೆಗೆಯುವ ವಿದ್ಯೆ ಹೊಸದಲ್ಲ. ಜರ್ಮನಿಯ ಮೇಯ್ಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿಯು 1858ರಲ್ಲಿ ವೆಟ್ಸ್‌ಲಾರ್ ಎಂಬ ಊರಿನ ಚರ್ಚಿನ ಗೋಡೆಯನ್ನು ಅಳೆಯಲು ಹೋಗಿ ಎತ್ತರದಿಂದ ಬೀಳುವುದರಲ್ಲಿದ್ದನಂತೆ. ಪ್ರಾಣ ಉಳಿದ ಮೇಲೆ, ಗೋಡೆಯನ್ನು ಹತ್ತುವ ಬದಲು ಅದರ ಚಿತ್ರವನ್ನು ತೆಗೆದು ಕೆಳಗೆ ಕುಳಿತೇ ಏಕೆ ಅಳೆಯಬಾರದು ಎಂದು ಆತ ಯೋಚಿಸಿದ. ಈ ವಿದ್ಯೆಗೆ ಇಂದು ಇರುವ ಫೋಟೋಗ್ರಾಮೆಟ್ರಿ ಎಂಬ ಹೆಸರು 1867ರಲ್ಲಿ ಅಚ್ಚಾದದ್ದು ಅವನಿಂದಲೇ. ವಿನೋದವೆಂದರೆ, ಅದೇ 1858ರಲ್ಲಿ ಫ್ರಾನ್ಸಿನ ನಾದಾರನು ಬಲೂನಿನಲ್ಲಿ ಕುಳಿತು ಆಕಾಶದಿಂದ ನೆಲದ ಚಿತ್ರವನ್ನು ತೆಗೆದ. ಒಬ್ಬ ಮೇಲೇರಲು ಹೆದರಿದವನು, ಇನ್ನೊಬ್ಬ ಮೇಲೇರಿಯೇ ತೀರಿದವನು. ಈ ಇಬ್ಬರ ವಂಶವೂ ಇಂದಿನ ಡ್ರೋನಿನಲ್ಲಿ ಕೂಡಿದೆ.

ಇದರ ಗುಟ್ಟು ನಮ್ಮ ಎರಡು ಕಣ್ಣುಗಳಲ್ಲಿದೆ. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋದರೆ ದಾರವು ಸೂಜಿಯ ಆಚೆಗೋ ಈಚೆಗೋ ಸರಿಯುತ್ತದೆ. ಎರಡು ಕಡೆಯಿಂದ ನೋಡಿದಾಗಲೇ ದೂರದ ಜ್ಞಾನ. ಡ್ರೋನು ಹೊಲದ ಮೇಲೆ, ನೇಗಿಲಿನ ಸಾಲು ಹೊಡೆದಂತೆ, ಹಿಂದಕ್ಕೂ ಮುಂದಕ್ಕೂ ಹಾರುತ್ತ ನೂರಾರು ಚಿತ್ರಗಳನ್ನು ತೆಗೆಯುತ್ತದೆ. ಪ್ರತಿಯೊಂದು ಚಿತ್ರವೂ ಹಿಂದಿನದರ ಮುಕ್ಕಾಲು ಭಾಗವನ್ನಾದರೂ ಮತ್ತೆ ಒಳಗೊಂಡಿರಬೇಕು. ಪಕ್ಕದ ಸಾಲಿನೊಡನೆಯೂ ಅರ್ಧಕ್ಕಿಂತ ಹೆಚ್ಚಿನ ಹೊಂದಿಕೆಯಿರಬೇಕು. ಹೀಗಾಗಿ ಹೊಲದ ಒಂದೊಂದು ಕಲ್ಲನ್ನೂ ಹತ್ತಾರು ಕಣ್ಣುಗಳು ನೋಡಿದಂತಾಯಿತು. ತಂತ್ರಾಂಶವು ಈ ಚಿತ್ರದ ಕಲ್ಲು ಆ ಚಿತ್ರದಲ್ಲಿ ಎಲ್ಲಿದೆ ಎಂದು ಹುಡುಕಿ ಜೋಡಿ ಕಟ್ಟುತ್ತದೆ. ಅಂಥ ಸಾವಿರಾರು ಜೋಡಿಗಳಿಂದ ಕ್ಯಾಮೆರಾ ಪ್ರತಿಯೊಂದು ಸಲವೂ ಎಲ್ಲಿ, ಯಾವ ಓರೆಯಲ್ಲಿ ನಿಂತಿತ್ತೆಂಬುದನ್ನು ಲೆಕ್ಕ ಹಾಕುತ್ತದೆ; ಬಳಿಕ ನೆಲದ ಏರುತಗ್ಗುಗಳನ್ನು ಕಟ್ಟಿ, ಚಿತ್ರಗಳನ್ನು ಅದರ ಮೇಲೆ ಹೊದಿಸಿ, ಓರೆಕೋರೆಗಳನ್ನು ನೀಗಿ ನಕ್ಷೆಯಾಗಿಸುತ್ತದೆ. ನೂರು ಮೀಟರಿನ ಎತ್ತರದಿಂದ ತೆಗೆದ ಒಳ್ಳೆಯ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು ಮೂರು ಸೆಂಟಿಮೀಟರಿನಷ್ಟಾಗುತ್ತದೆ.

ಜೋಡಿ ಹುಡುಕುವ ಈ ಕೆಲಸಕ್ಕೆ ಕೆನಡಾ ದೇಶದ ಡೇವಿಡ್ ಲೋ ಎಂಬ ಪ್ರಾಧ್ಯಾಪಕರು 1999ರಲ್ಲಿ ಪ್ರಕಟಿಸಿದ ಒಂದು ಕ್ರಮ ಬಹು ಪ್ರಸಿದ್ಧ. ಅದರ ಪೇಟೆಂಟು 2020ರವರೆಗೂ ಅವರ ವಿಶ್ವವಿದ್ಯಾನಿಲಯದ ಕೈಯಲ್ಲಿತ್ತು. ಈಗ ಅದು ಎಲ್ಲರ ಸೊತ್ತು.

ಇನ್ನು ಬೆಲೆಯ ಮಾತು. ನಮ್ಮ ಕಾಲೇಜಿನಲ್ಲಿ ಓದಿಹೋದ ತರುಣನೊಬ್ಬ ತಾಲ್ಲೂಕು ಕೇಂದ್ರವೊಂದರಲ್ಲಿ ಬಾಡಿಗೆಯ ಕೋಣೆ ಹಿಡಿದು ಮೋಜಣಿಯ ಕಚೇರಿ ತೆರೆದಿದ್ದಾನೆ. ಕಚೇರಿಯೆಂದರೆ ತಾನು, ಒಬ್ಬ ಸಹಾಯಕ, ಒಂದು ಟೋಟಲ್ ಸ್ಟೇಷನ್, ಕಂತಿನ ಮೇಲೆ ಕೊಂಡ ಡ್ರೋನು, ಗೋಡೆಯ ಮೇಲೊಂದು ಗಣಪತಿಯ ಪಟ. ತಂತ್ರಾಂಶದ ಬೆಲೆಗಳನ್ನು ವಿಚಾರಿಸಿದಾಗ ಅವನಿಗೆ ದಿಗಿಲಾಯಿತಂತೆ.

"ಸಾರ್, ಯಂತ್ರಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತೆ. ಇದು ಕಣ್ಣಿಗೆ ಕಾಣದ ವಸ್ತು, ವರ್ಷ ವರ್ಷ ಬಾಡಿಗೆ. ಅದೂ ಡಾಲರಿನಲ್ಲಿ," ಎಂದ.

"ಕೊಳ್ಳದೆ ಆಗುವುದಿಲ್ಲವೇನಯ್ಯಾ?"

"ಆಗುತ್ತೆ ಸಾರ್. ರಾತ್ರಿ ನಿದ್ದೆ ಬಿಡಬೇಕಾಗುತ್ತೆ, ಅಷ್ಟೆ."

ಅವನ ಎರಡನೆಯ ಮಾತಿನ ಅರ್ಥವನ್ನು ಆಮೇಲೆ ಹೇಳುತ್ತೇನೆ. ಮೊದಲನೆಯದು ಅಕ್ಷರಶಃ ಸತ್ಯ. ಸ್ವಿಟ್ಜರ್ಲೆಂಡಿನ ಪಿಕ್ಸ್‌ಫೋರ್‌ಡಿ, ಅಮೆರಿಕದ ಡ್ರೋನ್‌ಡಿಪ್ಲಾಯ್ ಮೊದಲಾದವು ಚಂದಾ ಕ್ರಮದವು. ಚಂದಾ ನಿಂತರೆ ಕೆಲಸವೂ ನಿಂತಂತೆ. ರಷ್ಯದ ಅಗಿಸಾಫ್ಟ್ ಸಂಸ್ಥೆಯ ಮೆಟಾಶೇಪ್ ಎಂಬುದನ್ನು ಒಮ್ಮೆ ಕೊಂಡರೆ ಮುಗಿಯಿತು. ಆದರೆ ಮೋಜಣಿಗೆ ಒದಗುವ ಅದರ ಪೂರ್ಣ ಆವೃತ್ತಿಗೆ ಸುಮಾರು 3,500 ಡಾಲರು, ಎಂದರೆ ಮೂರು ಲಕ್ಷ ರೂಪಾಯಿಯ ಆಸುಪಾಸು. ಇನ್ನೂರು ಡಾಲರಿನೊಳಗಿನ ಅಗ್ಗದ ಆವೃತ್ತಿಯೂ ಒಂದುಂಟು. ಅಂಗಡಿಯ ಬಾಗಿಲಲ್ಲಿಯೇ ಅದನ್ನು ಕಂಡು ಹಿಗ್ಗುವವರು ಗಮನಿಸಬೇಕಾದದ್ದೆಂದರೆ, ಅದು ವಿಗ್ರಹ ಮುಂತಾದವುಗಳ ಘನಾಕೃತಿಯನ್ನು ಸೊಗಸಾಗಿ ಕಟ್ಟೀತೇ ಹೊರತು ಭೂಮಿಯ ಅಕ್ಷಾಂಶ ರೇಖಾಂಶಗಳಿಗೆ ಹೊಂದಿದ ನಕ್ಷೆಯನ್ನು ಕೊಡದು.

ಅಗ್ಗದ ದಾರಿಗಳು ಮುಖ್ಯವಾಗಿ ಎರಡು. ಸ್ಲೊವಾಕಿಯಾ ದೇಶದಲ್ಲಿ ಹುಟ್ಟಿದ ರಿಯಾಲಿಟಿಕ್ಯಾಪ್ಚರ್ ಎಂಬುದನ್ನು 2021ರಲ್ಲಿ ಎಪಿಕ್ ಗೇಮ್ಸ್ ಎಂಬ ಅಮೆರಿಕದ ಸಂಸ್ಥೆ ಕೊಂಡುಕೊಂಡಿತು. ಇದು ಮಕ್ಕಳೂ ಮಕ್ಕಳಲ್ಲದವರೂ ಆಡುವ ವಿಡಿಯೊ ಆಟಗಳನ್ನು ತಯಾರಿಸುವ ಸಂಸ್ಥೆ. ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ವರಮಾನವುಳ್ಳವರು ಹಣ ಕೊಡಬೇಕಾಗಿಲ್ಲವೆಂದು ಅದು 2024ರಲ್ಲಿ ಸಾರಿತು. 2025ರಲ್ಲಿ ತಂತ್ರಾಂಶದ ಹೆಸರು ರಿಯಾಲಿಟಿಸ್ಕ್ಯಾನ್ ಎಂದಾಯಿತು. ನಮ್ಮ ತಾಲ್ಲೂಕಿನ ಮೋಜಣಿದಾರನ ವರಮಾನವು ಆ ಎಲ್ಲೆಯನ್ನು ಮೀರುವ ಭಯ ಸದ್ಯಕ್ಕಂತೂ ಇಲ್ಲ. ವೇಗದಲ್ಲಿ ಇದಕ್ಕೆ ಸಾಟಿಯಾಗುವವು ಕಡಿಮೆ. ಆದರೆ ಗಣಕಯಂತ್ರದಲ್ಲಿ ಎನ್‌ವಿಡಿಯಾ ಸಂಸ್ಥೆಯ ಬೆಲೆಬಾಳುವ ಕಾರ್ಡು ಇರಲೇಬೇಕು. ಅಲ್ಲದೆ, ಇಂದು ಉಚಿತವೆಂದು ಕೊಟ್ಟವನು ನಾಳೆಯೂ ಹಾಗೆಯೇ ಕೊಡುವನೆಂಬುದಕ್ಕೆ ಅವನ ಔದಾರ್ಯವೊಂದೇ ಆಧಾರ.

ಎರಡನೆಯದು 2014ರಿಂದ ಬೆಳೆದುಬಂದಿರುವ ಓಪನ್‌ಡ್ರೋನ್‌ಮ್ಯಾಪ್. ಅದಕ್ಕೆ ಸುಲಭವಾದ ಮುಖವನ್ನು ತೊಡಿಸಿದ ರೂಪವೇ ವೆಬ್‌ಒಡಿಎಂ. ಇದರ ಮೂಲಲೇಖವು ಎಲ್ಲರಿಗೂ ತೆರೆದಿದೆ; ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಾವೇ ಸ್ಥಾಪಿಸಿಕೊಳ್ಳಬಲ್ಲವರಿಗೆ ಪೂರ್ಣ ಉಚಿತ. ಆ ತೊಡಕು ಬೇಡವೆನ್ನುವವರು ಅಲ್ಪ ಬೆಲೆ ಕೊಟ್ಟು ಸಿದ್ಧರೂಪದಲ್ಲಿ ಪಡೆಯಬಹುದು. ನನ್ನ ಒಲವು ಇದರ ಕಡೆಗೆ. ತಾಳೆಯ ಗರಿಯ ಪ್ರತಿಯಿಂದ ಪ್ರತಿಯಾಗಿ ಉಳಿದುಬಂದ ಗ್ರಂಥಗಳನ್ನು ಓದಿಸಿ ಸಂಬಳ ಪಡೆಯುವವನಿಗೆ, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದಾದ ವಸ್ತುವಿನ ಮೇಲೆ ವಿಶ್ವಾಸವಿರುವುದು ಸಹಜವೆನ್ನಿ. ಇದು ಬೇಡುವುದು ಹಣವನ್ನಲ್ಲ, ನೆನಪಿನ ಶಕ್ತಿಯನ್ನು, ಅಂದರೆ ಗಣಕಯಂತ್ರದ್ದು. 250 ಚಿತ್ರಗಳಿಗೆ 16 ಗಿಗಾಬೈಟು, 500 ಚಿತ್ರಗಳಿಗೆ 32 ಬೇಕೆಂಬುದು ಅದನ್ನು ರಚಿಸಿದವರ ಸೂಚನೆ. ಸಂಜೆ ಕೆಲಸಕ್ಕೆ ಹಚ್ಚಿದರೆ ಮುಗಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ನಡುರಾತ್ರಿ ವಿದ್ಯುತ್ತು ಹೋದರೆ ಯಂತ್ರ ಆರೀತೆಂಬ ಭಯದಿಂದ ನಮ್ಮ ತರುಣ ಕಚೇರಿಯಲ್ಲಿಯೇ ಚಾಪೆ ಹಾಸಿ ಮಲಗುತ್ತಾನೆ. ನಿದ್ದೆ ಬಿಡುವುದೆಂದರೆ ಇದು. ನಕ್ಷೆಯಾದ ಮೇಲೆ ಗೆರೆ ಎಳೆಯಲು, ವಿಸ್ತೀರ್ಣ ತೆಗೆಯಲು ಕ್ಯೂಜಿಐಎಸ್ ಎಂಬ ಮತ್ತೊಂದು ಉಚಿತ ತಂತ್ರಾಂಶವಿದೆ.

ಮನೆಯ ಯಂತ್ರದಲ್ಲಿಯೇ ಅಡುಗೆ ಮಾಡಿಕೊಳ್ಳುವುದಕ್ಕೆ ಇನ್ನೂ ಒಂದು ಕಾರಣವುಂಟು. ಹಲವು ಚಂದಾ ತಂತ್ರಾಂಶಗಳಿಗೆ ಚಿತ್ರಗಳನ್ನು ಅಂತರಜಾಲದ ಮೂಲಕ ದೂರದ ಯಂತ್ರಗಳಿಗೆ ಕಳುಹಿಸಬೇಕು. ಭಾರತ ಸರ್ಕಾರವು 2021ರ ಫೆಬ್ರವರಿ 15ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅಡ್ಡಳತೆಯಲ್ಲಿ 1 ಮೀಟರಿಗಿಂತ, ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ಭೂಮಾಹಿತಿಯನ್ನು ಭಾರತೀಯ ಸಂಸ್ಥೆಗಳು ಮಾತ್ರ ಸಿದ್ಧಪಡಿಸಬಹುದು. ಅದನ್ನು ಭಾರತದೊಳಗೇ ಇರಿಸಿ ಸಂಸ್ಕರಿಸತಕ್ಕದ್ದು. ಡ್ರೋನಿನ ನಕ್ಷೆ ಈ ಎಲ್ಲೆಗಿಂತ ಎಷ್ಟೋ ಪಾಲು ಸೂಕ್ಷ್ಮ. ಚಿತ್ರಗಳು ಯಾವ ದೇಶದ ಯಂತ್ರಕ್ಕೆ ಹೋಗುತ್ತವೆಂದು ಕೇಳದೆ ಕಳುಹಿಸುವ ಸಣ್ಣ ಕಚೇರಿಯು ತನಗರಿವಿಲ್ಲದೆಯೇ ತೊಡಕಿಗೆ ಸಿಲುಕೀತು. ಹಾರಾಟದ ನಿಯಮಗಳು ಬೇರೆಯೇ ಇವೆ. ಅವನ್ನು ಇಲ್ಲಿ ವಿವರಿಸಹೋಗುವುದಿಲ್ಲ. 2021ರ ಡ್ರೋನ್ ನಿಯಮಗಳನ್ನು ಓದಿಕೊಳ್ಳದೆ ಈ ವೃತ್ತಿಗೆ ಇಳಿಯುವುದು ತರವಲ್ಲ ಎಂದಷ್ಟೇ ಹೇಳಬಹುದು.

ತಂತ್ರಾಂಶ ಅಗ್ಗವಾದ ಮಾತ್ರಕ್ಕೆ ನಕ್ಷೆ ಹಗುರವಾಗಬೇಕಿಲ್ಲ. ದುಬಾರಿಯಾದ ಮಾತ್ರಕ್ಕೆ ಸತ್ಯವಾಗುವುದೂ ಇಲ್ಲ. ನಕ್ಷೆಯ ಸತ್ಯವು ನಿರ್ಧಾರವಾಗುವುದು ಹೆಚ್ಚಾಗಿ ನೆಲದ ಮೇಲೆ, ಒಂದು ಬೊಗಸೆ ಸುಣ್ಣದಿಂದ. ಸಾಮಾನ್ಯ ಡ್ರೋನಿನ ಜಿ.ಪಿ.ಎಸ್. ತನ್ನ ಸ್ಥಾನವನ್ನು ಹೇಳುವಾಗ ಕೆಲವು ಮೀಟರುಗಳಷ್ಟು ತಪ್ಪುತ್ತದೆ. ಆಗ ನಕ್ಷೆಯೊಳಗಿನ ಆಕಾರ ಸರಿಯಾಗಿಯೇ ಇದ್ದರೂ ಇಡೀ ಹೊಲವು ಒಂದು ಮಗ್ಗುಲಿಗೆ ಜರುಗಿ ಕುಳಿತಿರುತ್ತದೆ. ನೂರು ಮೀಟರು ಉದ್ದದ ಬದುವೊಂದು ನಕ್ಷೆಯಲ್ಲಿ ಒಂದೇ ಮೀಟರು ಜರುಗಿತೆನ್ನಿ: ನೂರು ಚದರ ಮೀಟರಾಯಿತು. ಗುಂಟೆಯೆಂದರೆ 101 ಚದರ ಮೀಟರು. ಹೆಚ್ಚುಕಡಿಮೆ ಒಂದು ನಿವೇಶನವೇ ಕಾಗದದ ಮೇಲೆ ನೆರೆಯವನ ಪಾಲಾಯಿತು. ಅಣ್ಣತಮ್ಮಂದಿರು ಇದಕ್ಕಿಂತ ಕಿರಿದಾದ ನೆಲಕ್ಕಾಗಿ ಮಾತು ಬಿಟ್ಟಿರುವುದುಂಟು.

ಇದಕ್ಕೆ ಪರಿಹಾರವಾಗಿ ಹಾರಾಟಕ್ಕೆ ಮುಂಚೆ ಹೊಲದ ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ, ಕಡಿಮೆಯೆಂದರೆ ಐದು ಕಡೆ, ಆಕಾಶಕ್ಕೆ ಕಾಣುವಂತೆ ಸುಣ್ಣದಿಂದ ಗುಣಾಕಾರದ ಗುರುತು ಹಾಕಬೇಕು. ಆ ಗುರುತಿನ ನಡುಬಿಂದುವಿನ ಸ್ಥಾನವನ್ನು ಉತ್ತಮ ದರ್ಜೆಯ ಜಿ.ಪಿ.ಎಸ್. ಯಂತ್ರದಿಂದ ಸೆಂಟಿಮೀಟರುಗಳ ಮಟ್ಟಿಗೆ ಅಳೆದು ಬರೆದುಕೊಳ್ಳಬೇಕು. ವೆಬ್‌ಒಡಿಎಂ ಇದನ್ನು ಸಾದಾ ಪಟ್ಟಿಯ ರೂಪದಲ್ಲಿ ಸ್ವೀಕರಿಸುತ್ತದೆ: ಮೊದಲ ಸಾಲಿನಲ್ಲಿ ಯಾವ ಮಾನಪದ್ಧತಿ ಎಂಬುದು, ಮುಂದಿನ ಸಾಲುಗಳಲ್ಲಿ ಗುರುತಿನ ಸ್ಥಾನ, ಅದು ಯಾವ ಚಿತ್ರದಲ್ಲಿ ಎಲ್ಲಿ ಕಾಣುತ್ತದೆಂಬುದು. ಮೊದಲ ಸಾಲಿನಲ್ಲಿಯೇ ಎಡವುವವರುಂಟು. ಕರ್ನಾಟಕದ ಬಹುಭಾಗವು ಭೂನಕ್ಷೆಯ 43ನೆಯ ವಲಯಕ್ಕೆ ಸೇರಿದೆ. ಆದರೆ 78ನೆಯ ರೇಖಾಂಶವನ್ನು ದಾಟಿದೊಡನೆ 44ನೆಯದು. ಬೆಂಗಳೂರು ಈಚೆಗೆ, ಕೋಲಾರ ಆಚೆಗೆ. ಬೆಂಗಳೂರಿನಲ್ಲಿ ಕುಳಿತು ಕೋಲಾರದ ಹೊಲಕ್ಕೆ ಅಭ್ಯಾಸಬಲದಿಂದ 43 ಎಂದು ಬರೆದರೆ ಲೆಕ್ಕವೆಲ್ಲ ಕೆಡುತ್ತದೆ. ನಮ್ಮ ಶಾಸನಗಳಲ್ಲಿ ಮತ್ತರು, ಕಮ್ಮ ಎಂದು ಭೂಮಿಯ ಅಳತೆ ಹೇಳುವಾಗ ಯಾವ ಗಳೆಯಿಂದ ಅಳೆದದ್ದೆಂದು ಹೆಸರಿಸುವುದುಂಟು, ಏಕೆಂದರೆ ಅಳೆಯುವ ಕೋಲು ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು. ಪಟ್ಟಿಯ ಮೊದಲ ಸಾಲು ಆ ಗಳೆಯ ಹೆಸರೇ. ಸುಣ್ಣವೂ ಹೊಸದಲ್ಲ: 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೇ ಆಫ್ ಇಂಡಿಯಾ ಸಂಸ್ಥೆಯವರು ಹಳ್ಳಿಗಳ ಮೇಲೆ ಡ್ರೋನು ಹಾರಿಸುವ ಮೊದಲು ಮನೆಮನೆಯ ಮೇರೆಗಳನ್ನೂ ಸುಣ್ಣದ ಗೆರೆಯಿಂದಲೇ ಗುರುತಿಸಲಾಗುತ್ತಿತ್ತು.

ಗುರುತುಗಳಲ್ಲಿ ಎರಡು ಮೂರನ್ನು ತಂತ್ರಾಂಶಕ್ಕೆ ತಿಳಿಸದೆ ಬಚ್ಚಿಡಬೇಕು. ಇದೇಕೆಂಬುದು ಮೇಷ್ಟರ ಮನೆಯವರಿಗೆ ಥಟ್ಟನೆ ಹೊಳೆದೀತು. ತರಗತಿಯಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಎಲ್ಲರೂ ಪ್ರಥಮ ದರ್ಜೆ. ತಂತ್ರಾಂಶವು ತಾನು ಆಗಲೇ ನೋಡಿದ ಗುರುತುಗಳಲ್ಲಿ ಎರಡೇ ಸೆಂಟಿಮೀಟರಿನ ದೋಷವಿದೆಯೆಂದು ಬೀಗಿದರೆ ಅದನ್ನು ನೆಚ್ಚಬಾರದು. ಬಚ್ಚಿಟ್ಟ ಗುರುತು ನಕ್ಷೆಯ ಮೇಲೆ ಎಲ್ಲಿ ಬಿದ್ದಿತೆಂಬುದೇ ನಿಜವಾದ ಪರೀಕ್ಷೆ. ಕರ್ನಲ್ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸಾಲನ್ನು ಕಟ್ಟುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಏಳು ಮೈಲಿಗೂ ಮೀರಿದ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದ. ಲೆಕ್ಕದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕೂ ಕಡಿಮೆ. ಬಚ್ಚಿಟ್ಟ ಗುರುತಿನ ಮಹಿಮೆ ಅದು. ಇನ್ನೂ ಹಿಂದೆ ಹೋದರೆ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡಾಗಿ ಹೇಳಿದ್ದಾನೆ. ಎಲ್ಲಿ ಯಾವುದು ಸಲ್ಲುತ್ತದೆಂಬ ವಿವೇಕವೇ ಮೋಜಣಿದಾರನ ಬಂಡವಾಳ.

ಎತ್ತರದ ಲೆಕ್ಕದಲ್ಲಿ ಈ ವಿವೇಕ ತಪ್ಪಿದರೆ ಹಣವೇ ಹರಿದುಹೋಗುತ್ತದೆ. ಕ್ಯಾಮೆರಾವನ್ನು ನೇರ ಕೆಳಮುಖವಾಗಿಯೇ ಇಟ್ಟು ಹಾರಿಸಿ, ಗುರುತುಗಳಿಲ್ಲದೆ ಸಂಸ್ಕರಿಸಿದರೆ, ಮಸೂರದ ಸೂಕ್ಷ್ಮ ದೋಷದಿಂದ ಸಮತಟ್ಟಾದ ನೆಲವು ಬಟ್ಟಲಿನಂತೆಯೋ ಬೋರಲು ಹಾಕಿದ ಬಟ್ಟಲಿನಂತೆಯೋ ಬಾಗುವುದುಂಟು. ಕಣ್ಣಿಗೆ ಇದು ಕಾಣದು. ಹತ್ತು ಎಕರೆಯ ಕೆರೆಯಂಗಳದ ಹೂಳೆತ್ತುವ ಕೆಲಸವೆನ್ನಿ. ಎತ್ತರದಲ್ಲಿ ಸರಾಸರಿ ಹತ್ತು ಸೆಂಟಿಮೀಟರು ತಪ್ಪಿದರೂ ನಾಲ್ಕು ಸಾವಿರ ಘನ ಮೀಟರು ಮಣ್ಣು ಲೆಕ್ಕದಲ್ಲಿ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ. ಒಂದು ಟಿಪ್ಪರಿಗೆ ಹತ್ತು ಘನ ಮೀಟರೆಂದು ಹಿಡಿದರೂ ನಾನೂರು ಟಿಪ್ಪರು! ಗುತ್ತಿಗೆದಾರನಿಗೆ ಲಾಭವೋ ಊರಿಗೆ ನಷ್ಟವೋ, ಆ ಬಟ್ಟಲು ಯಾವ ಕಡೆಗೆ ಬಾಗಿತೆಂಬುದರ ಮೇಲಿದೆ. ಅಡ್ಡಸಾಲಿನಲ್ಲಿಯೂ ಒಮ್ಮೆ ಹಾರಿಸಿ, ಕೆಲವು ಚಿತ್ರಗಳನ್ನು ಓರೆಯಾಗಿ ತೆಗೆದು, ನಡುವೆಯೂ ಗುರುತಿಟ್ಟರೆ ಈ ದೋಷ ಬಹುಮಟ್ಟಿಗೆ ಅಡಗುತ್ತದೆ.

ಕೆಲವು ಕಡೆ ಯಾವ ತಂತ್ರಾಂಶವೂ ಸೋಲುತ್ತದೆ. ನಿಂತ ನೀರಿನ ಮೇಲೆ ಜೋಡಿ ಕಟ್ಟಲು ಗುರುತುಗಳೇ ಸಿಗವು. ಗಾಳಿಗೆ ತೂಗುವ ಕಬ್ಬಿನ ಗದ್ದೆ ಒಂದು ಚಿತ್ರದಲ್ಲಿ ಇದ್ದಂತೆ ಇನ್ನೊಂದರಲ್ಲಿರದು. ಮಲೆನಾಡಿನ ಅಡಕೆಯ ತೋಟದ ಮೇಲೆ ಹಾರಿಸಿದರೆ ಸಿಗುವುದು ಸೋಗೆಗಳ ನಕ್ಷೆ. ಕೆಳಗಿನ ಕಪ್ಪು, ಬದು, ಬಾಂದುಕಲ್ಲು ಒಂದೂ ಕಾಣುವುದಿಲ್ಲ. ಅಲ್ಲಿಗೆ ಕಾಲ್ನಡಿಗೆಯೇ ಗತಿ.

ಕಂಡ ಬದುವೂ ಕಾನೂನಿನ ಬದುವಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು. ಡ್ರೋನು ತೋರಿಸುವುದು ಬೇಲಿ ಇಂದು ಎಲ್ಲಿದೆ ಎಂಬುದನ್ನು. ಅದು ಎಲ್ಲಿರಬೇಕಾಗಿತ್ತೆಂಬುದು ಟಿಪ್ಪಣಿ, ಆಕಾರಬಂದ್ ಮುಂತಾದ ಸರ್ಕಾರಿ ದಾಖಲೆಗಳಲ್ಲಿದೆ. ಹದ್ದುಬಸ್ತು, ಪೋಡಿಗಳ ಕೆಲಸಕ್ಕೆ ಮೋಜಣಿ ಇಲಾಖೆಯ ದಾರಿಯನ್ನೇ ಹಿಡಿಯಬೇಕು. ಖಾಸಗಿ ಕಚೇರಿಯ ಬಣ್ಣದ ನಕ್ಷೆ ಅದಕ್ಕೆ ಬದಲಾಗಲಾರದು. ಆ ನಕ್ಷೆಯ ಉಪಯೋಗ ಬೇರೆ: ಬಡಾವಣೆಯ ರಸ್ತೆ, ಕೃಷಿಹೊಂಡದ ಜಾಗ, ಕಲ್ಲುಗಣಿಯಿಂದ ತೆಗೆದ ಕಲ್ಲಿನ ಲೆಕ್ಕ, ಮಳೆನೀರು ಹರಿಯುವ ದಾರಿ.

ಇಂಥ ನಕ್ಷೆಯನ್ನು ಮಾಡಿಸುವವರೂ ಅದನ್ನು ತೋರಿಸಿ ನಿವೇಶನ ಮಾರುವವರ ಎದುರು ಕುಳಿತವರೂ ಕೆಲವು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ನೆಲದ ಗುರುತುಗಳು ಎಷ್ಟು? ಎಷ್ಟನ್ನು ಪರೀಕ್ಷೆಗೆಂದು ಬೇರೆ ಇಟ್ಟಿರಿ? ಅವುಗಳ ಮೇಲೆ ಬಂದ ದೋಷವೆಷ್ಟು? ಕೊನೆಗೆ, ನಕ್ಷೆಯ ಜೊತೆಗೆ ಮೂಲಚಿತ್ರಗಳನ್ನೂ ಗುರುತುಗಳ ಪಟ್ಟಿಯನ್ನೂ ಕೇಳಿ ಪಡೆಯತಕ್ಕದ್ದು. ಅವು ಕೈಯಲ್ಲಿದ್ದರೆ ನಾಳೆ ತಕರಾರು ಬಂದಾಗ ಬೇರೊಬ್ಬ ಮೋಜಣಿದಾರ ಬೇರೊಂದು ತಂತ್ರಾಂಶದಿಂದ ಅದೇ ನಕ್ಷೆಯನ್ನು ಮತ್ತೆ ಕಟ್ಟಿ ತಾಳೆ ನೋಡಬಹುದು. ನಮ್ಮ ತರುಣ ತನ್ನ ದರಪಟ್ಟಿಯಲ್ಲಿ ಒಂದು ಸಣ್ಣ ಪೆನ್‌ಡ್ರೈವಿನ ಬೆಲೆಯನ್ನೂ ಸೇರಿಸಿಯೇ ಬರೆಯುತ್ತಾನೆ. ಅದು ಏಕೆಂದು ಗಿರಾಕಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕೇಳುತ್ತಾರಂತೆ. ಕೇಳಿದವರಿಗೆಲ್ಲ ಅವನು ಚಹಾ ತರಿಸಿ, ಕುಳ್ಳಿರಿಸಿ, ವಿವರಿಸುತ್ತಾನೆ.